ಫಾಟಾ ಆದ ಮೇಲೆ ಸರಳ

ಮಗಳ ಕನ್ನಡವನ್ನು ತಿದ್ದದೆ ಬಿಟ್ಟವಳಲ್ಲ ನಾನು. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಅವಳು ಒಂದು ಮಾತಾಡಿದರೆ ಎರಡು ತಪ್ಪು ಹಿಡಿದು ನಗುತ್ತಿದ್ದೆ. ಹತ್ತನೇ ತರಗತಿಯ ಹೊತ್ತಿಗೆ ಅವಳು ಕನ್ನಡದ ಗೊಡವೆಯೇ ಬೇಡವೆಂದು ಹಿಂದಿಗೆ ಹೊರಳಿದಳು. ನಾನು ಉಡುಪಿಯ ಕನ್ನಡದಲ್ಲಿ ಕೇಳುವುದು, ಅವಳು ಹಿಂದಿಯಲ್ಲಿ ಉತ್ತರಿಸುವುದು.

ರಬಾಳೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅವಳಿಗೆ ಕತ್ತಿವರಸೆಯ ಹುಚ್ಚು ಹಿಡಿಯಿತು. ಮುರ್‌ಬಾಡ್ ಆಚೆಯ ಬಯಲಿನಲ್ಲಿ ಡೇರೆ ಹಾಕಿ, ಹಳೆಯ ಕಾಲದ ಸೈನಿಕರ ವೇಷ ತೊಟ್ಟು, ಎರಡು ದಿನ ಕಾಳಗ ಆಡುವ ಶಿಬಿರಕ್ಕೆ ಹೊರಟಳು. "ಎಂತ ನಾಟಕ ಮಾರಾಯ್ತಿ ಇದು" ಎಂದು ಗೊಣಗುತ್ತಲೇ, ಕವಚದ ಒಳಗೆ ತೊಡುವ ಹತ್ತಿ ತುಂಬಿದ ಅಂಗಿಯನ್ನು ನಾನೇ ಹೊಲಿದುಕೊಟ್ಟಿದ್ದೆ. ಅದಿಲ್ಲದೆ ಯಾರನ್ನೂ ಕಣಕ್ಕೆ ಇಳಿಸುವುದಿಲ್ಲವಂತೆ. ಅವಳು ಹೋದ ಮರುದಿನ ಬೆಳಿಗ್ಗೆ ನೋಡುತ್ತೇನೆ, ಬಿಸಿಲಿಗೆಂದು ನಾನು ಹಾಕಿದ ಅಂಗಿ ಬಾಲ್ಕನಿಯಲ್ಲೇ ನೇತಾಡುತ್ತಿದೆ!

ಅವಳ ಕಾಳಗ ಹನ್ನೊಂದಕ್ಕೆ. ಅದಕ್ಕಾಗಿ ಆರು ತಿಂಗಳು ಬೆವರು ಸುರಿಸಿದ್ದಳು. ಫೋನ್ ಹತ್ತಲಿಲ್ಲ. ಆದರೆ ಹಿಂದಿನ ಸಂಜೆ ದಾರಿಯಿಂದ ಅವಳು ಕಳಿಸಿದ ಸಂದೇಶವಿತ್ತು, ಅದೂ ಕನ್ನಡ ಅಕ್ಷರದಲ್ಲಿ: "ಅಮ್ಮಾ, ನಾಳೆ ನೋಡಲು ಬಾ. ಒಳಗೆ ನೆಟ್‌ವರ್ಕ್ ಇಲ್ಲ. ಕಲ್ಯಾಣ, ಶಹಾಡ್ ಪೂಲ್, ಮುರ್‌ಬಾಡ್. ಆಮೇಲೆ ದೊಡ್ಡ ಆಲದ ಮರ, ಅಲ್ಲಿ ಫಾಟಾ. ಫಾಟಾ ಆದ ಮೇಲೆ ಸರಳ."

"ನೋಡೋಣ" ಎಂದಷ್ಟೇ ಉತ್ತರಿಸಿದ್ದೆ. ಈಗ ನೋಡುವ ಮಾತೇ ಇಲ್ಲ. ಏನಾದರಾಗಲಿ, ಹನ್ನೊಂದರೊಳಗೆ ಅಂಗಿ ಅವಳ ಮೈಮೇಲಿರಬೇಕು. ಡೊಂಬಿವಲಿ ದಾಟಿ ಎಂದೂ ಒಬ್ಬಳೇ ಕಾರು ಓಡಿಸದ ನಾನು ಕಲ್ಯಾಣದ ರಿಕ್ಷಾಗಳ ನಡುವೆ ನುಗ್ಗಿದೆ. ಒಬ್ಬ ಬೈದ. ನಾನೂ ಬೈದೆ.

ಆಲದ ಮರ ಸಿಕ್ಕಿತು. ಅಲ್ಲಿ ರಸ್ತೆ ಕವಲೊಡೆದಿತ್ತು, ಅವಳು ಬರೆದ ಫಾಟಾ ಇದೇ: ಎದುರಿಗೆ ಹೊಂಡಗಳ ಮಣ್ಣುದಾರಿ, ಎಡಕ್ಕೆ ಹೊಸ ಡಾಂಬರು ರಸ್ತೆ. ಇನ್ನು ಮುಂದೆ ಸುಲಭ ಎಂದು ಮಗಳೇ ಬರೆದಿದ್ದಾಳಲ್ಲ. ಡಾಂಬರಿಗೆ ತಿರುಗಿಸಿದೆ. ಕಾಲು ಗಂಟೆ ಓಡಿಸಿದ ಮೇಲೆ ರಸ್ತೆ ಒಂದು ಕೋಳಿ ಫಾರ್ಮಿನ ಗೇಟಿನಲ್ಲಿ ಮುಗಿದುಹೋಯಿತು.

ಅಲ್ಲಿದ್ದ ಮುದುಕ ನನ್ನ ಪ್ರಶ್ನೆ ಕೇಳಿ ನಕ್ಕ. "ತಲ್ವಾರ್‌ವಾಲೆ? ಮಾಗೆ ಜಾ, ತಾಈ. ಫಾಟ್ಯಾವರೂನ್ ಸರಳ್" ಎಂದು ನಾನು ಬಂದ ದಾರಿಯತ್ತಲೇ ಕೈ ಬೀಸಿ, ಕವಲಿನಿಂದ ಹೋಗಬೇಕಾದ ದಿಕ್ಕನ್ನು ಅಂಗೈಯನ್ನು ಮೂಗಿನ ನೇರಕ್ಕೆ ಹಿಡಿದು ತೋರಿಸಿದ.

ಸರಳ್! ಮರಾಠಿಯ ಸರಳ್, ಅಂದರೆ ನೇರ. ಮೂವತ್ತು ವರ್ಷ ಈ ಮಾತನ್ನು ರಿಕ್ಷಾದವರಿಗೆ ನಾನೇ ಹೇಳಿದ್ದೇನೆ. ಕನ್ನಡ ಅಕ್ಷರದಲ್ಲಿ ಕಂಡದ್ದೇ ತಡ, ಸುಲಭ ಎಂದು ಓದಿಕೊಂಡುಬಿಟ್ಟೆ. ಸಿಟ್ಟು ನೆತ್ತಿಗೇರಿತು. ನೇರ ಎಂದು ಬರೆಯಲು ಬರುವುದಿಲ್ಲವೇ ಇವಳಿಗೆ? ಕಾರು ತಿರುಗಿಸಿ, ಮಣ್ಣುದಾರಿಯ ಹೊಂಡಗಳಲ್ಲಿ ಕುಲುಕುತ್ತಾ, ಬೈಗುಳವನ್ನು ಒಂದೊಂದಾಗಿ ಜೋಡಿಸಿಕೊಳ್ಳುತ್ತಾ ಹೋದೆ.

ಹನ್ನೊಂದಕ್ಕೆ ಐದು ನಿಮಿಷವಿತ್ತು. ಡೇರೆಗಳ ನಡುವೆ ಕವಚ ಕೈಯಲ್ಲಿ ಹಿಡಿದು, ಮುಖ ಸಪ್ಪೆ ಮಾಡಿಕೊಂಡು ಅವಳು ನಿಂತಿದ್ದಳು. ನನ್ನನ್ನು ಕಂಡವಳೇ ಓಡಿ ಬಂದಳು. ಅಂಗಿ ತೊಡಿಸಿ ಲಾಡಿ ಬಿಗಿಯುವಾಗ ಮೆಲ್ಲಗೆ ಕೇಳಿದಳು, "ಅಮ್ಮಾ, ಮೈನೆ ಕನ್ನಡ ಠೀಕ್ ಲಿಖಾ ಥಾ ನಾ?"

ಜೋಡಿಸಿಟ್ಟ ಬೈಗುಳವೆಲ್ಲ ತುದಿನಾಲಿಗೆಯಲ್ಲಿತ್ತು. ನುಂಗಿಕೊಂಡೆ.

"ಒಂದೂ ತಪ್ಪಿಲ್ಲ ಮಗಾ" ಎಂದೆ.

ಕಣದಿಂದ ಕೂಗು ಬಂತು. "ತೋ ಫಿರ್..." ಎಂದು ಹೊರಟವಳು ನಿಂತಳು. ಮಾತು ಹುಡುಕಿ, ತಿರುಗಿ ಹೇಳಿದಳು: "ಹಾಗಾದ್ರೆ ಇಲ್ಲೇ ನಿಲ್ಲು, ಅಮ್ಮಾ. ನಾನು ಆಡೋದು ನೋಡು."