ಅತ್ತಿಗೆ ದೋಣಿಗೆ ಚಕ್ರ ಹಾಕಿಸಿದ್ದು

ಅತ್ತಿಗೆಯ ವಿಷಯ ಮೊದಲು ನನ್ನ ಕಿವಿಗೆ ಬಿದ್ದದ್ದು ನನ್ನ ಮದುವೆಯ ಮಾತುಕತೆಯ ದಿನ. "ಹುಡುಗನಿಗೆ ಒಬ್ಬಳು ಅಕ್ಕ ಇದ್ದಾಳೆ. ಮದುವೆ ಬೇಡ ಅಂದವಳು. ಮೋಟಾರು ದೋಣಿ ಓಡಿಸಿ ಜನರನ್ನ ಹೊಳೆ ದಾಟಿಸ್ತಾಳೆ" ಎಂದು ಸಂಬಂಧ ತಂದವರು ಹೇಳಿದರು. ನಮ್ಮಪ್ಪ, "ದೋಣಿ ಮಾತ್ರ ಓಡಿಸ್ತಾಳೋ, ಮನೆಯವರನ್ನೂ ಓಡಿಸ್ತಾಳೋ?" ಎಂದ. ಒಳಗೆ ಕೂತಿದ್ದ ನನಗೆ ನಗು ಬಂತು, ಹಿಂದೆಯೇ ಹೆದರಿಕೆಯೂ ಆಯಿತು.

ಎರಡೂ ನಿಜವೇ ಆಗಿತ್ತು. ದೋಣಿಯ ಹಿಂತುದಿಯಲ್ಲಿ ಮೋಟಾರು, ಅದರ ಹಿಡಿಕೆ ಅತ್ತಿಗೆಯ ಬಲಗೈಯಲ್ಲಿ. "ನಡುವೆ ಸರೀರಿ, ಒಂದೇ ಕಡೆ ಸಂತೆ ನೆರೆಸಬೇಡಿ" ಎಂದು ಗದರುತ್ತಲೇ ದಾಟಿಸುತ್ತಿದ್ದಳು.

ಒಂದು ಮಳೆಗಾಲ ದಡದ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ಬಲಭುಜ ಮತ್ತೆ ಮೊದಲಿನಂತಾಗಲಿಲ್ಲ. ಹಿಡಿಕೆ ಹಿಡಿದರೆ ಮೋಟಾರಿನ ನಡುಕ ಭುಜಕ್ಕೇ ಏರಿ ಕಣ್ಣಲ್ಲಿ ನೀರು ಬರುತ್ತಿತ್ತು. ದೋಣಿಗಳ ಮೇಲ್ವಿಚಾರಕ ಅವಳ ಸರದಿಯನ್ನು ಬೇರೆಯವರಿಗೆ ಕೊಟ್ಟ.

"ಸಾಕು ಮಾಡಕ್ಕ. ನಾನಿಲ್ವಾ?" ಎಂದರು ನಮ್ಮ ಯಜಮಾನರು.

"ನೀನಿದ್ದೀಯ ಕಣೋ. ದೋಣಿ ಹತ್ತಿದ್ರೆ ವಾಂತಿ ಮಾಡ್ಕೋತೀಯ. ಕೆಟ್ಟಿರೋದು ನನ್ನ ಭುಜ, ದೋಣಿ ಅಲ್ಲ. ಕಾರಿನ ಸ್ಟೇರಿಂಗ್ ಥರ ಚಕ್ರ ಹಾಕಿಸ್ತೀನಿ. ಎಡಗೈ ಗಟ್ಟಿ ಇದೆ."

ಮೋಟಾರಿನ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದಳು. ಅಂಗಡಿಯವನು ಎಣ್ಣೆಯ ಒತ್ತಡದಿಂದ ತಿರುಗುವ ಸ್ಟೇರಿಂಗ್ ತೋರಿಸಿದ. "ಒಂದೇ ಬೆರಳು ಸಾಕಮ್ಮ, ಬೆಣ್ಣೆ!"

"ಅದರೊಳಗೆ ಗಾಳಿ ಸೇರ್ಕೊಂಡ್ರೆ?"

"ಚಕ್ರ ತಿರುಗುತ್ತೆ, ಮೋಟಾರು ತಿರುಗಲ್ಲ. ಇಲ್ಲಿಗೆ ತನ್ನಿ, ಗಾಳಿ ತೆಗೆದು ಕೊಡ್ತೀವಿ."

"ಹೊಳೆ ಮಧ್ಯ ಹಾಗಾದ್ರೆ ನಿಮ್ಮಂಗಡಿ ಈಜ್ಕೊಂಡು ಬರುತ್ತಾ? ನಂದು ಚಿಕ್ಕ ಮೋಟಾರು, ಚಕ್ರದಿಂದ ಮೋಟಾರಿಗೆ ಕೇಬಲ್ ಹೋಗೋ ಅಂಥದ್ದೇ ಕೊಡಿ. ಕೆಟ್ರೆ ನಾನೇ ಬಿಚ್ಚೋ ಹಾಗಿರಬೇಕು. ಕೈ ಬಿಟ್ರೂ ಚಕ್ರ ನಿಂತಲ್ಲೇ ನಿಲ್ಲಬೇಕು."

"ಅಂಥದ್ದೂ ಇದೆ ತಾಯಿ. ನೀವು ಕೇಳದೆ ಬಿಡಬೇಕಲ್ಲ!" ಎಂದು ನಗುತ್ತ ತೆಗೆದುಕೊಟ್ಟ.

ಕೇಬಲ್ಲಿನ ಉದ್ದಕ್ಕೆ ಬಟ್ಟೆ ಒಣಹಾಕುವ ಹಗ್ಗದಲ್ಲಿ ಅಳತೆ ತೆಗೆದಿದ್ದಳು. ಕೂರುವ ಹಲಗೆಯಿಂದ ದೋಣಿಯ ಅಂಚಿಗೆ, ಅಲ್ಲಿಂದ ಮೋಟಾರಿಗೆ, ಎಲ್ಲೂ ಕೇಬಲ್ಲು ಮಡಿಚಿಕೊಳ್ಳದ ಹಾಗೆ ಅಗಲವಾದ ತಿರುವು. "ಮಡಿಸಿದ್ರೆ ಇದು ಮುನಿಸ್ಕೊಳ್ಳುತ್ತೆ, ನಿನ್ನ ಗಂಡನ ಹಾಗೆ" ಎಂದಳು.

ಚಕ್ರ ಕೂರಿಸಿದ ಮೇಲೆ ಮೇಲ್ವಿಚಾರಕ ಒಂದೇ ಮಾತು ಹೇಳಿದ: "ನನ್ನ ಕಣ್ಣೆದುರು ಒಂದು ಸುತ್ತು ಬಂದು ತೋರಿಸು. ಆಗಲಿಲ್ವೋ, ನಿನ್ನ ಸರದಿ ಬೇರೆಯವರಿಗೇ ಖಾಯಂ."

ತೋರಿಸಬೇಕಾದ ದಿನದ ಹಿಂದಿನ ಸಂಜೆ ಅತ್ತಿಗೆ ಚಕ್ರವನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿಟ್ಟು, ಮೋಟಾರನ್ನು ಅತ್ತಿತ್ತ ದೂಡುವ ಸರಳು ಒಳಹೊರಗೆ ಜಾರುವ ಕೊಳವೆಗೆ ಅಕ್ಕರೆಯಿಂದ ಗ್ರೀಸ್ ತುಂಬಿದಳು. ಬೆಳಿಗ್ಗೆ ಮೇಲ್ವಿಚಾರಕ ಬಂದು ನಿಂತ. ಚಕ್ರ ಮಿಸುಕಲಿಲ್ಲ. ಎಡಗೈಯಲ್ಲಿ ಎಳೆದಳು, ನಾನೂ ಜೋತುಬಿದ್ದೆ. ಮೋಟಾರು ಮೊಂಡು ಎಮ್ಮೆಯಂತೆ ಒಂದೇ ಕಡೆ ಮುಖ ತಿರುಗಿಸಿಕೊಂಡಿತ್ತು.

"ಆಯ್ತಲ್ಲಮ್ಮ, ಮನೇಲಿ ಕೂತು ಅದನ್ನೇ ತಿರುಗಿಸು" ಎಂದ ಅವನು.

"ಚಹಾ ಕುಡಿದು ಬನ್ನಿ ಸಾಹೇಬ್ರೆ. ಬರುವಾಗ ಇನ್ನೊಂದು ಲೋಟ ಕುಡಿದೇ ಬನ್ನಿ."

ಅವನು ನಕ್ಕು ಹೋದ. ಅತ್ತಿಗೆ ಮೋಟಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದಳು. "ಥೂ ನನ್ನ ಬುದ್ಧಿಗಿಷ್ಟು! ಸರಳು ಹೊರಗಿದ್ದಾಗಲೇ ಗ್ರೀಸ್ ತುರುಕಿದೀನಿ ಕಣೇ. ಒಳಗೆಲ್ಲ ಅದೇ ತುಂಬಿದೆ. ಈಗ ಸರಳು ವಾಪಸ್ ಹೋಗು ಅಂದ್ರೆ ಎಲ್ಲಿಗೆ ಹೋಗುತ್ತೆ? ಸ್ಪ್ಯಾನರ್ ಹಿಡಿ."

ಅವಳ ಬಲಗೈ ನಾನಾದೆ. ನಟ್ಟು ಬಿಚ್ಚಿ, ಸರಳನ್ನು ಎಳೆದು ತೆಗೆದು, ಸೀಮೆಎಣ್ಣೆಯ ಬಟ್ಟೆ ಸುತ್ತಿದ ಕೋಲಿನಿಂದ ಕೊಳವೆಯನ್ನು ಉಜ್ಜಿದೆವು. ಸರಳಿಗೆ ತೆಳ್ಳಗೆ ಗ್ರೀಸ್ ಸವರಿ ಮತ್ತೆ ಕೂರಿಸಿದೆವು. ಅದನ್ನು ಪೂರ್ತಿ ಒಳಗೆ ಸರಿಸಿದ ಮೇಲೆಯೇ ಕೊಳವೆಗೆ ಇನ್ನೊಂದಿಷ್ಟು ಹಾಕಿದಳು. ನನ್ನ ಸೀರೆ ಮಸಿಯರಿವೆಯಾಯಿತು. ಚಕ್ರ ತಿರುಗಿತು.

ಮೇಲ್ವಿಚಾರಕ ಮರಳಿದಾಗ ಅತ್ತಿಗೆ ಎಡಗೈಯಲ್ಲಿ ಚಕ್ರ ಹಿಡಿದು ನೀರಿನಲ್ಲಿದ್ದಳು. ಹೊಳೆಯ ನಡುವಿನ ಕಂಬಕ್ಕೆ ಒಂದು ಸುತ್ತು ಹಾಕಿ, ಅಲ್ಲಿ ಬೇಕೆಂದೇ ಕೈಬಿಟ್ಟು ಸೆರಗು ಸರಿಮಾಡಿಕೊಂಡು, ದೋಣಿಯನ್ನು ಮೆಟ್ಟಿಲಿಗೆ ಮುಟ್ಟಿಸಿದಳು. ಅವನು ತಲೆ ಕೆರೆದುಕೊಂಡು, "ಮಧ್ಯಾಹ್ನದಿಂದ ಜನ ಹತ್ತಿಸು" ಎಂದ.

"ಮಧ್ಯಾಹ್ನ ಯಾಕೆ, ಈಗಲೇ ನಿಂತಿದ್ದಾರಲ್ಲ!" ಎಂದು ಅಲ್ಲಿದ್ದವರನ್ನು ಕರೆದೇಬಿಟ್ಟಳು.

ನಮ್ಮ ಯಜಮಾನರು ತೀರಿಕೊಂಡಾಗ ನಾನು ಮೂಲೆ ಹಿಡಿದು ಕೂತಿದ್ದೆ. ಕೈ ಹಿಡಿದೆಬ್ಬಿಸಿ ಚಕ್ರದ ಮುಂದೆ ಕೂರಿಸಿದವಳೂ ಅವಳೇ. ಕಲಿಸುವಾಗ ಬೈದದ್ದಕ್ಕೆ ಲೆಕ್ಕವಿಲ್ಲ. ವರ್ಷಗಳ ಮೇಲೆ ಅತ್ತಿಗೆ ಹಾಸಿಗೆ ಹಿಡಿದಳು. ಅವಳ ಸರದಿ ನನ್ನದಾಯಿತು.

ಒಂದು ಬೆಳಿಗ್ಗೆ ಅವಳಿಗೆ ಉಸಿರು ಮೇಲೆಮೇಲೆ ಬರುತ್ತಿತ್ತು. "ಇವತ್ತು ನಾನು ಹೋಗಲ್ಲ ಅತ್ತಿಗೆ" ಎಂದೆ.

"ನೀನು ಇಲ್ಲಿ ಕೂತ್ರೆ ನನಗೇನು ಉಸಿರು ಸಾಲ ಕೊಡ್ತೀಯಾ? ಅಲ್ಲಿ ಜನ ನಿಂತಿರ್ತಾರೆ. ಪಕ್ಕದ ಮನೆಯವಳು ಕೂರ್ತಾಳೆ, ಹೊರಡು."

ಚಪ್ಪಲಿ ಮೆಟ್ಟಿ ಬಾಗಿಲು ದಾಟುವಾಗ ಮತ್ತೆ ಕರೆದಳು.

"ಹಗ್ಗ ಬಿಚ್ಚೋ ಮುಂಚೆ ಚಕ್ರ ಆ ಕಡೆ ಈ ಕಡೆ ಪೂರ್ತಿ ತಿರುಗಿಸಿ ನೋಡ್ಕೊಳ್ಳೇ."