ತಾಗ್ತು ಸಾರ್

ನಮ್ಮ ಕಾಮಾಕ್ಷಿಪಾಳ್ಯದ ಕಬಡ್ಡಿ ತಂಡದಲ್ಲಿ ಚರ್ಚಿಗೆ ಹೋಗುತ್ತಿದ್ದವನು ಅವನೊಬ್ಬನೇ. ಆಟಕ್ಕೆ ಇಳಿಯುವ ಮುಂಚೆ ಕೊರಳಿನ ಶಿಲುಬೆ ಬಿಚ್ಚಿ, ಕರ್ಚೀಫಿನಲ್ಲಿ ಸುತ್ತಿ, ಕಳಚಿಟ್ಟ ಶೂ ಒಳಗೆ ಇಡುತ್ತಿದ್ದ. ರೈಡರ್‌ನ ಉಗುರು ಸೋಕಿದರೂ ಸಾಕು, ತಾನೇ ಕೈಯೆತ್ತಿ "ತಾಗ್ತು ಸಾರ್" ಎಂದು ಹೊರನಡೆಯುತ್ತಿದ್ದ. ಪ್ರಾಕ್ಟೀಸಿನಲ್ಲಿ ನಮಗದು ತಮಾಷೆ.

ಕುರುಬರಹಳ್ಳಿಯ ಫೈನಲ್‌ನಲ್ಲಿ ಎರಡೂ ತಂಡ ಸಮ ಸಮ ಇದ್ದವು. ಎದುರಾಳಿಗಳ ಕೊನೆಯ ರೈಡರ್ ಬರಿಗೈಲಿ ಮರಳಿದ ಎಂದು ರೆಫರಿ ಸನ್ನೆ ಮಾಡಿದರು. ಇವನು ಕೈಯೆತ್ತಿದ. "ತಾಗ್ತು ಸಾರ್, ಹಿಮ್ಮಡಿಗೆ." ಒಂದು ಪಾಯಿಂಟಿನಲ್ಲಿ ಸೋತೆವು.

"ರೆಫರಿನೇ ನೋಡಿರ್ಲಿಲ್ಲ, ಸುಮ್ನೆ ಇರೋಕಾಗ್ತಿರ್ಲಿಲ್ವೇನೋ?" ಕ್ಯಾಪ್ಟನ್ ಕೂಗಾಡಿದ.

"ನೋಡೋರು ರೆಫರಿ ಒಬ್ರೇನಾ ಗುರು?"

ವಾಪಸ್ ಬರುವಾಗ ಟೆಂಪೊದಲ್ಲಿ ಅವನ ಪಕ್ಕ ಯಾರೂ ಕೂರಲಿಲ್ಲ. ಆಮೇಲೆ ಕ್ಯಾಪ್ಟನ್ ಭಾನುವಾರದ ಪ್ರಾಕ್ಟೀಸನ್ನು ಚರ್ಚಿನ ಹೊತ್ತಿಗೇ ಇಟ್ಟ.

ಒಂದು ಭಾನುವಾರ, ಮರೆತ ಬಾಟಲಿಗೆಂದು ಮೈದಾನಕ್ಕೆ ಮರಳಿದೆ. ಚರ್ಚಿನಿಂದ ನೇರ ಬಂದಿದ್ದ ಅವನು ಇಸ್ತ್ರಿ ಪ್ಯಾಂಟು ಮಡಚಿಕೊಂಡು, ಖಾಲಿ ಅಂಕಣದಲ್ಲಿ ಒಬ್ಬನೇ ಕಬಡ್ಡಿ ಕಬಡ್ಡಿ ಎನ್ನುತ್ತ ರೈಡ್ ಮಾಡುತ್ತಿದ್ದ. ತಿರುಗುವಾಗ ಕಾಲು ಸುಣ್ಣದ ಗೆರೆ ದಾಟಿತು. ಗಕ್ಕನೆ ನಿಂತ. ಕೈಯೆತ್ತಿ, ಔಟಾದವರು ಕೂರುವ ಜಾಗಕ್ಕೆ ಹೋಗಿ ಕೂತ.