ಓಡ್ಮುಂಡನ ಹಸಿರು ದೀಪ

ನನ್ನ ಗಂಡ ತೀರಿಕೊಂಡ ಮೇಲೆ ನಮ್ಮ ಮರದ ದೋಣಿ ಅವರ ತಮ್ಮ ಓಡ್ಮುಂಡನ ಪಾಲಿಗೆ ಬಂತು. ಮದುವೆಯಾಗದವನು. ನಾರ್ವೆಯ ನಮ್ಮ ಕರಾವಳಿಯಲ್ಲಿ ಮೀನುಗಾರರ ರೇಡಿಯೋ ಕೆಟ್ಟರೆ ಅವನೇ ಬೇಕು. ಆ ಚಳಿಗಾಲವೆಲ್ಲ ನನ್ನ ಅಡುಗೆಮನೆಯ ಮೇಜಿನ ಮೇಲೆ ಬೆಸುಗೆ ಹಾಕುತ್ತ ಕೂತು, ದೋಣಿಯ ನೀರು ಹೊರಹಾಕುವ ಪಂಪಿನ ಬ್ಯಾಟರಿ ಇಳಿದರೆ ತಿಳಿಸಲೆಂದು ಸೋಪಿನ ಡಬ್ಬಿಯಷ್ಟು ಪೆಟ್ಟಿಗೆಯೊಂದನ್ನು ಮಾಡಿದ.

“ಇದರೊಳಗಿನ ಚಿಪ್‌ಗೆ ವೋಲ್ಟೇಜ್ ಎಷ್ಟು ಅಂತ ಗೊತ್ತಾಗಲ್ಲ ಅತ್ತಿಗೆ. ಎರಡರಲ್ಲಿ ಯಾವುದು ಜಾಸ್ತಿ ಅಂತಷ್ಟೇ ಹೇಳುತ್ತೆ.”

“ನಿಮ್ಮಮ್ಮನ ಥರ. ನನ್ನ ಅಡುಗೆ ಹೆಂಗಿದೆ ಅಂತ ಯಾವತ್ತೂ ಹೇಳ್ಲಿಲ್ಲ, ದೊಡ್ಡ ಸೊಸೇದಕ್ಕಿಂತ ಕಮ್ಮಿ ಅಂತಷ್ಟೇ.”

ನಕ್ಕ. “ಒಂದ್ಕಡೆ ಕೆಪಾಸಿಟರ್ ಮೆಲ್ಲಗೆ ತುಂಬಿಸ್ತೀನಿ. ಅದು ಬ್ಯಾಟರಿ ಮಟ್ಟ ಮುಟ್ಟೋಕೆ ಎಷ್ಟು ಹೊತ್ತಾಯ್ತು ಅಂತ ಚಿಪ್ ಎಣಿಸುತ್ತೆ. ಬೇಗ ಮುಟ್ತೋ, ಬ್ಯಾಟರಿ ಸೋತಿದೆ. ಕೆಂಪು ದೀಪ. ಇಲ್ಲಾಂದ್ರೆ ಹಸಿರು.”

ಮೇಜಿನ ಮೇಲೆ ಪೆಟ್ಟಿಗೆ ನಡೆಯಲು ಬೇರೆಯದೇ ಬ್ಯಾಟರಿ ಕೊಟ್ಟು ಪರೀಕ್ಷಿಸಿದ. ಒಂದು ಸಲವೂ ತಪ್ಪಲಿಲ್ಲ.

ಚಳಿಗಾಲದಲ್ಲಿ ಒಣಗಿದ ದೋಣಿ ನೀರಿಗಿಳಿದರೆ ಸೋರುತ್ತದೆ. ಹಲಗೆ ನೆನೆದು ಉಬ್ಬಿ ಸಂದು ಮುಚ್ಚಲಿ ಎಂದು ಒಂದು ವಾರ ದಡದ ನೀರಲ್ಲೇ ಬಿಡುತ್ತೇವೆ. ಆ ವಸಂತದಲ್ಲಿ ಎದುರಿನ ನಡುಗಡ್ಡೆಯಲ್ಲಿ ನಮ್ಮ ಕುರಿಗಳು ಬೇಗ ಮರಿ ಹಾಕತೊಡಗಿದವು, ಹದ್ದುಗಳು ಸುತ್ತುತ್ತಿದ್ದವು. “ಪಂಪ್ ಇದೆ, ಬ್ಯಾಟರಿ ಇಳಿದ್ರೆ ಪೆಟ್ಟಿಗೆ ಹೇಳುತ್ತೆ, ಬನ್ನಿ” ಎಂದು ವಾರ ಕಾಯದೆ ನನ್ನನ್ನೂ ಹತ್ತಿಸಿಕೊಂಡ. ನೀರು ತೋಡುವ ಮರದ ಬೋಗುಣಿಯನ್ನು ದಡದಲ್ಲೇ ಬಿಟ್ಟ.

ನಡುವೆ ಮಂಜು ಕವಿಯಿತು. ಪಂಪಿನ ಗುರುಗುರು ಸಣ್ಣಗಾಯಿತು. ನನ್ನ ಪಾದ ತಣ್ಣಗಾಯಿತು.

“ಓಡ್ಮುಂಡ್, ನೀರು!”

“ಹಸಿರೇ ಇದೆ ಅತ್ತಿಗೆ, ಹೆದರ್ಬೇಡಿ.”

ನನಗೆ ಈಜು ಬಾರದು. ನೀರು ಕಣಕಾಲಿಗೆ ಬಂತು. ಅವನು ಬಗ್ಗಿ ಪೆಟ್ಟಿಗೆ ನೋಡಿದ. ದೀಪ ಹಸಿರೇ, ಆದರೆ ಮಂಕು. ಪೆಟ್ಟಿಗೆಯ ತಂತಿ ಎಲ್ಲಿಗೆ ಹೋಗಿದೆ ಎಂದು ಬೆರಳಿನಿಂದ ಹಿಡಿದು ನೋಡಿದ.

“ಪೆಟ್ಟಿಗೇನೂ ಪಂಪಿನ ಬ್ಯಾಟರಿಗೇ ಸಿಕ್ಕಿಸ್ಬಿಟ್ಟಿದೀನಿ. ಕೆಪಾಸಿಟರ್ ತುಂಬೋದೂ ಇದರಿಂದ್ಲೇ. ಎರಡೂ ಜೊತೆಗೇ ಇಳೀತಿವೆ ಅತ್ತಿಗೆ. ಸಾಯೋವರೆಗೂ ಇದು ಹಸಿರೇ ತೋರಿಸೋದು.”

ಪಂಪ್ ನಿಂತಿತು.

ಜೊತೆಗೆ ತಂದಿದ್ದ ಕಾಫಿ ಕೆಟಲಿನಿಂದ ನಾನು ನೀರು ಮೊಗೆದು ಚೆಲ್ಲಿದೆ. ಅವನು ದೋಣಿಯನ್ನು ಬಂದ ಕಡೆಗೇ ತಿರುಗಿಸಿ ಹುಟ್ಟು ಹಾಕಿದ. ದಡ ಯಾವ ಕಡೆಯೋ ಕಾಣದು.

“ಸರಿಯಾಗೇ ಹೋಗ್ತಿದೀವೇನೋ?”

“ಮಾತಾಡ್ಬೇಡಿ, ಚೆಲ್ಲಿ!”

ಜೀವನದಲ್ಲಿ ಒಮ್ಮೆಯೂ ನನ್ನೆದುರು ದನಿ ಏರಿಸದವನು. ಆಗ ನನಗೆ ಇನ್ನೂ ಭಯವಾಯಿತು. ಮೊಣಕಾಲವರೆಗೆ ನೀರು ಬಂದಾಗ ದೋಣಿಯ ತಳ ಕಲ್ಲಿಗೆ ಕರಕರ ಉಜ್ಜಿತು. ಇಬ್ಬರೂ ಎದ್ದು ಇಳಿಯಲಾರದೆ ಅಲ್ಲೇ ಕೂತೆವು.

ಮೂರು ಮರಿಗಳು ಹದ್ದಿನ ಪಾಲಾದವು. ಓಡ್ಮುಂಡ್ ಪೆಟ್ಟಿಗೆಗೆ ಬೇರೆ ಬ್ಯಾಟರಿ ಹಾಕಿದ, ಸಾಯುವವರೆಗೂ ಅದನ್ನೇ ನಂಬಿದ. ನಾನೋ, ಬಟ್ಟೆ ಒಗೆಯುವ ಮಷಿನ್ ಸದ್ದು ಸಣ್ಣಗಾಗುತ್ತ ನಿಂತರೂ ಸಾಕು, ಇವತ್ತಿಗೂ ಕಾಲು ಮೇಲೆತ್ತಿ ಕೂರುತ್ತೇನೆ.